ಒಲೆಯಿಲ್ಲದ ಹಂಡೆ

೨೩ ಅಕ್ಟೋಬರ್ ೨೦೨೫, ಗುರುವಾರ

ಮೂರು ದಿನದಿಂದ ಹಿತ್ತಲ ಈಜುಕೊಳದ ಹಳೆಯ ನೀರು ಹೊರಹೋಗದೆ ನಿಂತಿತ್ತು. ನಾಳೆ ತಂಗಿಯ ಮಗಳು ಲಿಖಿತಾ ಬರುತ್ತಾಳೆ. ಈಜು ಕಲಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಪ್ಲಂಬರ್ ಯಾಕೆ, ನಾನಿಲ್ಲವೇ ಎಂದು ಮೀಸೆ ತಿರುವಿ ಮುಳುಗಿದೆ. ತಳದ ಕಿಂಡಿಯಿಂದ ಕೈಗೆ ಬಂದದ್ದು ಐದು ಹಿಂಡಲೆಕಾಯಿ, ಅದೇ ಕಾಡಿನ ಕಹಿಕಾಯಿ, ಜೊತೆಗೆ ಅದರ ಒಂದು ಮೊಳ ಬಳ್ಳಿ!

"ಅಮ್ಮಾ, ಇದೆಂತದು?"

"ದೀಪಾವಳಿ ನೀರು ತುಂಬೋ ಹಬ್ಬಕ್ಕೆ ಬಚ್ಚಲ ಹಂಡೆಗೆ ಕಟ್ಟಿದ್ನಲ್ಲ, ಇದಕ್ಕೂ ಕಟ್ದೆ. ಇಷ್ಟು ದೊಡ್ಡ ಹಂಡೆ ಬಿಟ್ರೆ ಗಂಗಮ್ಮ ಬೇಜಾರು ಮಾಡ್ಕಳಲ್ವನೋ?"

ಎಂಜಿನಿಯರ್ ನಕ್ಷೆ ಬರೆದ ಕೊಳ ಅಮ್ಮನ ಕಣ್ಣಿಗೆ ಒಲೆಯಿಲ್ಲದ ಹಂಡೆ!

ನೀರು ಗೊಳಗೊಳನೆ ಖಾಲಿಯಾಯಿತು, ಹೊಸದು ತುಂಬುತ್ತಿದೆ. ಅಮ್ಮ ಆಗಲೇ ಏಣಿಗೆ ಕುಂಕುಮ ಹಚ್ಚಿದ್ದಾಳೆ. ಬರುವ ವರ್ಷ ಬಳ್ಳಿಯನ್ನು ನಾನೇ ಕಟ್ಟುತ್ತೇನೆ, ಬಿಗಿಯಾಗಿ. ಕಿಂಡಿಗೊಂದು ಜಾಲರಿಯನ್ನೂ… ಭುಜ ನೋಯುತ್ತಿದೆ, ಸಾಕು.