ಕಲ್ಲಿನ ಮಗಳ ಬೀಗರು

ಕಮಲಾಪುರ
ಮಾಘ ಶುದ್ಧ ದಶಮಿ, ೧೯೩೪

ನನ್ನ ಮಗಳು ಲಲಿತಾಬಾಯಿಗೆ ನಿನ್ನ ಅಪ್ಪ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀ ತಾಯಿ? ಜ್ವರ ಬಿಟ್ಟು ಆರು ತಿಂಗಳಾದರೂ ಕೂದಲು ಉದುರುವುದು ನಿಂತಿಲ್ಲವೆಂದು ನೀನು ಬರೆದಿದ್ದೆ. ಹೊಟ್ಟೆ ತುಂಬ ಉಣ್ಣು, ಸೊಲ್ಲಾಪುರದಲ್ಲಿ ಜೋಳಕ್ಕೇನೂ ಬರವಿಲ್ಲ. ನಿನ್ನ ಅವ್ವನಿಗೆ ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಿನ್ನ ಅತ್ತೆಯವರು ಕ್ಷೇಮವೇ? ಮದುವೆಯ ಜಗಳವಾದ ಮೇಲೆ ಈ ಐದು ವರ್ಷದಲ್ಲಿ ಇದೇ ಮೊದಲು ಕೇಳುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ನಮ್ಮ ಹೊಲದ ಬಾವಿ ತೋಡುವಾಗ ಕನ್ನಡಿ ಹಿಡಿದ ಹೆಣ್ಣಿನ ಮೂರ್ತಿ ಸಿಕ್ಕಿತಲ್ಲ, ಎರಡು ವರ್ಷದ ಹಿಂದೆ ಅದನ್ನು ಕಲಬುರಗಿಯ ಅಜಾಯಬಖಾನೆಗೆ ಕೊಟ್ಟೆವು. ಊರೂರಿನ ಮೂರ್ತಿ, ಶಾಸನಗಳನ್ನು ಹಳೆಯ ಗುಂಬಜೊಂದರಲ್ಲಿ ತಂದಿಟ್ಟು ಜನರಿಗೆ ತೋರಿಸುವ ಜಾಗ ಅದು. ಬಂಡಿಗೆ ಏರಿಸುವ ಮುಂಚೆ ಓಣಿಯ ಹೆಂಗಸರು ಅಡ್ಡ ನಿಂತು, ಅಕ್ಕಿ, ಬೆಲ್ಲ, ಕೊಬ್ಬರಿ, ಖಣ ಇಟ್ಟು ಆ ಮೂರ್ತಿಗೆ ಉಡಿ ತುಂಬಿದರು. ಗಂಡನ ಮನೆಗೆ ಹೋಗುವ ಮಗಳನ್ನು ಬರಿದೇ ಕಳಿಸುತ್ತಾರೆಯೇ ಎಂಬುದು ಅವರ ವಾದ. ಕಲ್ಲಿಗೆ ಎಂಥ ಗಂಡನ ಮನೆ ಎಂದು ನಾನು ನಕ್ಕೆ. ಆದರೂ ಆಮೇಲೆ ಕಲಬುರಗಿಗೆ ಹೋದಾಗಲೆಲ್ಲ ಅವಳನ್ನೊಮ್ಮೆ ನೋಡಿ ಬರುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಗುಂಬಜು ಸೋರಿ, ಮೇಲಿನ ಗಚ್ಚು ಕಳಚಿ ಬೀಳತೊಡಗಿತು. ಅಲ್ಲಿನ ಕಾವಲುಗಾರ ನಬಿಸಾಬ್, ಕಸ ಗುಡಿಸುವ ಅವನ ಹೆಂಡತಿ ಮಸ್ತಾನಬಿ, ಇಬ್ಬರೂ ಮೂರು ದಿನ ಮನೆಗೆ ಹೋಗದೆ ಒಂದೊಂದೇ ಮೂರ್ತಿಯನ್ನು ಒಣ ಮೂಲೆಗೆ ಸರಿಸಿದರಂತೆ. ನಮ್ಮವಳು ಭಾರ, ಜರುಗಲಿಲ್ಲ. ಗಚ್ಚು ಬಿದ್ದು ಕೈ ಮುರಿದೀತೆಂದು ಮಸ್ತಾನಬಿ ಮನೆಯ ಕೌದಿಗಳನ್ನೆಲ್ಲ ತಂದು ಹೊದಿಸಿದಳಂತೆ. ಆ ಇಬ್ಬರಿಗೆ ಎಷ್ಟು ಕೈ ಮುಗಿದರೂ ಸಾಲದು. ಸುದ್ದಿ ಕೇಳಿದ ನಿನ್ನ ಅವ್ವ, “ಬೀಗರಿಗೆ ಆಯೇರಿ ಮಾಡಬೇಕಲ್ಲರೀ. ಮಗಳ್ನ ಕೊಟ್ಟು ಸುಮ್ಮ ಕುಂತರ ಹೆಂಗ?” ಎಂದಳು.

ಮೊನ್ನೆ ಊರವರೆಲ್ಲ ಕೂಡಿ, ಆಯೇರಿಗೆಂದು ಸೀರೆ, ಧೋತರ, ರುಮಾಲು ತೆಗೆದುಕೊಂಡು ಬಂಡಿ ಕಟ್ಟಿಸಿ ಹೊರಟೆವು. ಶರಣಬಸಪ್ಪನ ಗುಡಿಯಲ್ಲಿ ತಂಗಿ, ಮುಂಜಾನೆ ಅಜಾಯಬಖಾನೆಗೆ ಹೋದರೆ, ಅಲ್ಲಿಯ ಮುನ್ಷಿಯವರು ತಮಗೇ ಸತ್ಕಾರವೆಂದು ಕುರ್ಚಿ ಬಿಟ್ಟೆದ್ದು ತಲೆ ಬಗ್ಗಿಸಿದರು. ನಿನ್ನ ಅವ್ವ ಅವರನ್ನು ಬಳಸಿ ಹೋಗಿ, ಕಸಬರಿಗೆ ಹಿಡಿದು ನಿಂತಿದ್ದ ಮಸ್ತಾನಬಿಯ ಕೈ ಹಿಡಿದಳು. ನಾನು ನಬಿಸಾಬನಿಗೆ ರುಮಾಲು ಸುತ್ತಿದೆ. “ನಾ ಬರೇ ಕಾವಲುಗಾರ ಅದೀನ್ರೀ, ಅಣ್ಣಾರ” ಎನ್ನುತ್ತ ಅವನು ಅತ್ತೇಬಿಟ್ಟ. ಮಸ್ತಾನಬಿ ಅಳುವವಳಲ್ಲ. ಸೀರೆಯನ್ನು ಎದೆಗೊತ್ತಿಕೊಂಡು ತಮಾಷೆಗೆ ಅಂದಳು: “ಬೀಗರು ಬರ್ತೀರಿ, ಮಗಳ್ನ ನೋಡ್ತೀರಿ, ಹೋಗ್ತೀರಿ. ಸಾಕಿದವ್ರ ಜೋಡಿ ಒಂದು ಮಾತು ಆಡಾಕ ಇಷ್ಟು ದಿನ ಬೇಕಾತೇನ್ರೀ?” ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನ ಮದುವೆಯಲ್ಲಿ ಊಟ ತಡವಾಯಿತೆಂದು ನಿನ್ನ ಅತ್ತೆ ಶಿವಕಾಂತಮ್ಮ ಒಂದು ಮಾತು ಅಂದರೆ ನಾನು ಹತ್ತು ಅಂದೆ. ಇಂಥ ಮನೆಗೆ ಹೆಣ್ಣು ಕೊಟ್ಟು ಕೆಟ್ಟೆ ಎಂದು ಹಂದರದ ತುಂಬ ಕೇಳುವಂತೆ ಕೂಗಿದೆ. ನೀನು ವಿಷಮಜ್ವರದಲ್ಲಿ ಮಲಗಿದಾಗ ಇಪ್ಪತ್ತೊಂದು ದಿನ ನಿನ್ನ ತಲೆಯ ಬಳಿ ಕುಳಿತವರು ಅವರೇ. ನಾನು ಬಂದೆ, ನಿನ್ನನ್ನು ನೋಡಿದೆ, ಅವರು ಕೊಟ್ಟ ನೀರನ್ನೂ ಮುಟ್ಟದೆ ಸ್ಟೇಶನ್ನಿಗೆ ನಡೆದೆ. ಕಲ್ಲನ್ನು ಕಾಪಾಡಿದವರಿಗೆ ಊರವರನ್ನು ಕಟ್ಟಿಕೊಂಡು ಸೀರೆ ಒಯ್ದವನು ನಾನು. ನನ್ನ ಮಗಳನ್ನು ಉಳಿಸಿದವರಿಗೆ ಒಂದು ಮಾತನ್ನೂ ಆಡಲಿಲ್ಲ. ಬಹಳ ನಾಚಿಕೆಯಾಗಿದೆ, ಮಗಳೇ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಶರಣಬಸಪ್ಪ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಪ್ಪ,
ಖಂಡೆಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಲಕೋಟೆಯಲ್ಲಿ ಇನ್ನೊಂದು ಚೀಟಿ ಇದೆ, ಅದು ನಿನ್ನ ಅತ್ತೆಯವರಿಗೆ. ಅವರಿಗೆ ಓದಲು ಬಾರದು, ನೀನೇ ಓದಿ ಹೇಳು. ‘ಅಕ್ಕಾರ, ನನ್ನ ಮಗಳ್ನ ಉಳಿಸಿ ಕೊಟ್ಟೀರಿ. ಅವತ್ತು ನಾ ಅಂದದ್ದು ತಪ್ಪು’ ಎಂದಷ್ಟೇ ಬರೆದಿದ್ದೇನೆ. ಅವರೊಬ್ಬರೇ ಇರುವಾಗ ಓದಬೇಡ. ನಾನು ಬೈದದ್ದು ನೂರು ಮಂದಿಯ ಮುಂದೆ. ನಿಮ್ಮ ಓಣಿಯ ಹೆಂಗಸರೆಲ್ಲ ಕೂತಿರುವಾಗ, ಗಟ್ಟಿಯಾಗಿ ಓದು.