ಇಳಿಸಿದ ಡೊಳ್ಳು

ಯಗಟಿ
೧೮-೧-೧೯೫೯, ಭಾನುವಾರ

ಪ್ರೀತಿಯ ಓಂಕಾರಮೂರ್ತಿಗೆ ಲಕ್ಕಣ್ಣ ಬರೆಯುವುದು,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಅದನ್ನು ಬಿಟ್ಟು, ನಾಲ್ಕು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ.

ನಾನು ಶಾಲೆ ಬಿಟ್ಟದ್ದು ಅಪ್ಪನ ಕಾಲು ಮುರಿದದ್ದಕ್ಕಲ್ಲ. ನಿನಗೆ, ಮೇಷ್ಟರಿಗೆ, ನಮ್ಮವ್ವ ಹಾಲಮ್ಮನಿಗೆ, ಎಲ್ಲರಿಗೂ ಹಾಗೆಂದೇ ಹೇಳಿಕೊಂಡು ಬಂದೆ. ಅಪ್ಪ ಅಷ್ಟರಲ್ಲಾಗಲೇ ಊರುಗೋಲು ಬಿಸಾಕಿ ಕುರಿಯ ಹಿಂದೆ ಓಡಾಡುತ್ತಿದ್ದ. ನಾನು ಬಿಟ್ಟದ್ದು ಕಡೂರಿನ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದ ಮಾರನೆಯ ದಿನ. ಉತ್ಸವದ ನಾಟಕದಲ್ಲಿ ಒಬ್ಬ ಕುರಿಗಾಹಿ ಡೊಳ್ಳು ಕಟ್ಟಿಕೊಂಡು ಕುಣಿಯಬೇಕಿತ್ತು. ತರಗತಿಯಲ್ಲಿ ಕುರಿ ಕಾಯುವವರ ಮನೆಯಿಂದ ಬಂದವನು ನಾನೊಬ್ಬನೇ. ಮೇಷ್ಟರು ನನ್ನನ್ನು ಎದುರಿಗೆ ನಿಲ್ಲಿಸಿ ನೋಡಿ, "ನೀನು ಬ್ಯಾಡ ಕಣೋ, ಓಂಕಾರ ಕುಣೀಲಿ. ಅವನ ಮುಖ ದೀಪಕ್ಕೆ ಚೆನ್ನಾಗಿ ಕಾಣ್ಸುತ್ತೆ. ನೀನು ಪರದೆ ಹಿಂದೆ ಕೂತು ಬಾರ್ಸು" ಎಂದರು. ನೀನು ನನ್ನ ಕಂಬಳಿ ಹೊದ್ದು, ತಗಡಿನ ಡಬ್ಬಕ್ಕೆ ಕಾಗದ ಅಂಟಿಸಿದ ಡೊಳ್ಳು ಕಟ್ಟಿಕೊಂಡು ಕುಣಿದೆ. ನಾನು ಪರದೆಯ ಹಿಂದೆ ಬಾರಿಸಿದೆ. ಚಪ್ಪಾಳೆ ಬಿದ್ದಾಗ ನೀನು ಒಳಗೆ ಓಡಿಬಂದು ನನ್ನನ್ನು ತಬ್ಬಿಕೊಂಡು, "ಏನ್ ಬಾರಿಸ್ದೆ ಕಣೋ ಲಕ್ಕಾ! ಮುಂದಿನ ವರ್ಷಾನೂ ನಾವಿಬ್ರೂ ಹಿಂಗೇ ಮಾಡಾಣ" ಎಂದೆ. ನಾನೂ ನಕ್ಕೆ. ಆ 'ಹಿಂಗೇ' ಎಂದರೆ ನಾನು ಮತ್ತೆ ಪರದೆಯ ಹಿಂದೆಯೇ. ಬೆಳಿಗ್ಗೆ ಕಡೂರಿನ ಬಸ್ಸು ಬಂದಾಗ ಹತ್ತಲಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನ ಕಾಗದ ಓದಿದಾಗ ಮತ್ತೆ ಅದೇ ಪರದೆಯ ಹಿಂದೆ ಕೂತ ಹಾಗಾಯಿತು.

ಶಾಲೆ ಬಿಟ್ಟ ಮೇಲೆ ನಾನು ಯಾವುದರಲ್ಲೂ ನಿಲ್ಲಲಿಲ್ಲ. ಅದು ನಿನಗೂ ಗೊತ್ತು. ಕಡೂರಿನ ಜವಳಿ ಅಂಗಡಿ ಬಿಟ್ಟೆ. ಸಖರಾಯಪಟ್ಟಣದ ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ, ಅದನ್ನೂ ಬಿಟ್ಟೆ. ಕುರಿಗಳಿಗೂ ನನಗೂ ಆಗುವುದಿಲ್ಲ. ನಮ್ಮವ್ವ, "ಇವನ ಕಾಲಿಗೆ ಯಾವ ಇರುವೆ ಕಚ್ಚುತ್ತೋ" ಎನ್ನುತ್ತಾಳೆ. ನಾನು ಬಿಡದೆ ಹಿಡಿದುಕೊಂಡದ್ದು ಡೊಳ್ಳು ಒಂದನ್ನೇ. ಅಪ್ಪ ನಿಲ್ಲುವ ಜಾಗದ ಎಡಕ್ಕೆ ನನ್ನ ಜಾಗ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನೀನಾಗಿಯೇ ಸೈಕಲ್ ತುಳಿದುಕೊಂಡು ಯಗಟಿಗೆ ಬಂದು, "ನಂಗೂ ಹೇಳ್ಕೊಡು ಕಣೋ" ಎಂದು ನನ್ನ ಪಕ್ಕದಲ್ಲಿ ನಿಂತಾಗ, ಹಳೆಯದೆಲ್ಲ ಮರೆತೇ ಹೋಯಿತು. ಹೆಜ್ಜೆ ಹೇಳಿಕೊಟ್ಟೆ. ಹೆಗಲಿನ ಚರ್ಮ ಸುಲಿದಾಗ ನಮ್ಮವ್ವ ಹರಳೆಣ್ಣೆ ಹಚ್ಚಿದಳು.

ಕಳೆದ ದೀಪಾವಳಿಗೆ ನೀನು ಅಚ್ಚಾದ ಕಾರ್ಡು ಹಿಡಿದುಕೊಂಡು ಬಂದೆ. ನಿಮ್ಮ ವಿಶ್ವವಿದ್ಯಾನಿಲಯದಲ್ಲಿ ಜನವರಿ ಕೊನೆಗೆ ಕಲಾ ಸಪ್ತಾಹ ಎಂದೆ. ವೀಣೆ, ಇಂಗ್ಲಿಷ್ ನಾಟಕ, ಚಿತ್ರ ಪ್ರದರ್ಶನ, ಕವಿಗೋಷ್ಠಿ, ಎಲ್ಲ ಓದಿ ಹೇಳಿದೆ. ಕೊನೆಯ ಶನಿವಾರ ಸಂಜೆ ಬಯಲು ರಂಗಮಂದಿರದಲ್ಲಿ ಗ್ರಾಮಕಲೆಗಳು. ಅಲ್ಲಿ "ಯಗಟಿಯ ಡೊಳ್ಳು ಕುಣಿತ, ಚಿಕ್ಕಬೀರಪ್ಪ ಮತ್ತು ಸಂಗಡಿಗರು". ಅಪ್ಪನಿಗೆ ಓದಲು ಬರುವುದಿಲ್ಲ. ಆದರೂ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಹೇಳಿದ್ದು ನಿನಗೆ ನೆನಪಿರಬೇಕು: "ಕಾರ್ಡಿಗೆಲ್ಲಾ ನಮ್ ಡೊಳ್ಳು ಇಳಿಯಾಕಿಲ್ಲ ಕಣಪ್ಪಾ. ವೀಳ್ಯೇವು ಕೊಡು."

ನಮ್ಮ ಹಟ್ಟಿಯ ಡೊಳ್ಳುಗಳು ಬೀರದೇವರ ಗುಡಿಯ ತೊಲೆಗೆ ತೂಗುಬಿದ್ದಿರುತ್ತವೆ. ಕರೆಯುವವನು ಗುಡಿಯ ಮುಂದೆ ಹಿರಿಯನ ಕೈಗೆ ಎಲೆ ಅಡಿಕೆ ಇಟ್ಟರೇ ಅವು ಇಳಿಯುವುದು. ಇಳಿದ ಡೊಳ್ಳು ಕರೆದವನ ಅಂಗಳದಲ್ಲಿ ಸದ್ದು ಮಾಡದೆ ಮತ್ತೆ ಏರುವಂತಿಲ್ಲ, ಬೇರೆಯವರಿಗೆ ಬಾರಿಸುವಂತೆಯೂ ಇಲ್ಲ. ಇದನ್ನೆಲ್ಲ ಅಂದು ಅಪ್ಪನೇ ನಿನಗೆ ಹೇಳಿದ. ನೀನು ತಲೆಯಾಡಿಸಿ ಎರಡೂ ಕೈಯಲ್ಲಿ ವೀಳ್ಯ ಕೊಟ್ಟೆ. ಆಗ ಅಪ್ಪ ಸುತ್ತ ನೋಡಿ, "ಓದೋ ಹುಡ್ಗ, ದೂರ ಇರೋನು. ಇವ್ನ ಮಾತಿಗೆ ಯಾರ್ಲಾ ನಿಂತ್ಕಳಾದು?" ಎಂದು ಕೇಳಿದ. ಹೊಣೆಗೆ ನಾನು ನಿಂತೆ. ಕೇಳಿ ಮುಗಿಯುವ ಮುಂಚೆಯೇ ನಿಂತೆ.

ಸಂಕ್ರಾಂತಿಗೆ ಮುಂಚೆ, ಹೊರಡುವ ತಯಾರಿಗೆಂದು ಡೊಳ್ಳು ಇಳಿಸಿದೆವು. ಅದರ ಮಾರನೆಯ ದಿನ ನಿನ್ನ ಕಾಗದ ಬಂತು. ಒಳಗೆ ಹೊಸ ಕಾರ್ಡು. ಅದೇ ಶನಿವಾರ, ಅದೇ ಸಂಜೆ. "ಡೊಳ್ಳು ಕುಣಿತ: ವಿದ್ಯಾರ್ಥಿ ತಂಡದಿಂದ. ನಿರ್ದೇಶನ: ಓಂಕಾರಮೂರ್ತಿ, ಬಿ.ಎ."

ಸ್ವಾಗತ ಸಮಿತಿಯವರಿಗೆ ಹಳ್ಳಿಯ ಜನರ ವಸತಿ ಕಷ್ಟವಾಗುತ್ತದೆ, ಹಾಸ್ಟೆಲಿನವರು ಒಪ್ಪುತ್ತಿಲ್ಲ ಎಂದು ಬರೆದಿದ್ದೀಯ. ನಾವು ಬಯಲಲ್ಲಿ ಕುರಿಗಳ ನಡುವೆ ಮಲಗುವ ಜನ ಎಂದು ನಿನಗೆ ಗೊತ್ತಿಲ್ಲವೇ? ಕಷ್ಟ ಮಲಗುವುದಕ್ಕಲ್ಲ, ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂರುವುದಕ್ಕೆ. ಅದನ್ನು ಬರೆಯಲು ನಾಚಿಕೆಯಾಗಿ ವಸತಿ ಎಂದು ಬರೆದೆ. ನಿಮ್ಮ ಹುಡುಗರು ಕಾಲೇಜು ಬ್ಯಾಂಡಿನ ಡ್ರಮ್ಮುಗಳಿಗೆ ಕರಿಬಟ್ಟೆ ಸುತ್ತಿಕೊಂಡು ಕುಣಿಯುತ್ತಾರಂತೆ. ಕೊನೆಯ ಸಾಲು ಬೇರೆ: "ಆರು ಕರಿಕಂಬಳಿ ಪಾರ್ಸೆಲ್ ಮಾಡು, ಹಳೆಯವಾದರೆ ಒಳ್ಳೆಯದು, ಸಹಜವಾಗಿ ಕಾಣುತ್ತವೆ."

ಆ ಕಾಗದವನ್ನು ಗುಡಿಯ ಮುಂದೆ ಎಲ್ಲರಿಗೂ ಓದಿದೆ. ಒಂದು ಅಕ್ಷರ ಬಿಡಲಿಲ್ಲ, ಕಂಬಳಿಯನ್ನೂ ಬಿಡಲಿಲ್ಲ. ನಮ್ಮ ತಂಡದ ಸಣ್ಣಬೀರಪ್ಪ, "ಬರೀ ಕಂಬ್ಳಿ ಯಾಕ್ಲಾ? ಜತಿಗೆ ಎಲ್ಡು ಕುರೀನೂ ಕಳ್ಸಾನ. ಅವೂ ಬಿ.ಎ. ಮಾಡ್ಲಿ" ಎಂದ. ಎಲ್ಲರೂ ನಕ್ಕರು. ನಮ್ಮ ಹಟ್ಟಿಯ ಕೆಂಚಪ್ಪ ನಗಲಿಲ್ಲ. ಅವನ ಮಗಳ ಮದುವೆ ಮಾಘದಲ್ಲಿದೆ, ಗಂಡಿನವರು ದೇವನೂರಿನವರು. "ನಗ್ರಪ್ಪಾ ನಗ್ರಿ. ಡೊಳ್ಳಿಲ್ದೆ ಮಗ್ಳನ್ನ ಧಾರೆ ಎರೀಲಾ ನಾನು? ಬೀಗ್ರು ಕೇಳುದ್ರೆ ಏನ್ ಹೇಳ್ಲಿ, ಡೊಳ್ಳು ಕಾಲೇಜಿಗೆ ಸೇರ್ಕಂಡವೆ ಅಂತ್ಲಾ?" ಎಂದು ನನ್ನ ಮುಖ ನೋಡಿಯೇ ಕೇಳಿದ. ಅದರ ಹಿಂದೆಯೇ ಶಿವರಾತ್ರಿ.

ಅಪ್ಪ ಕೇಳಿದ್ದು ಒಂದೇ. "ವೀಳ್ಯೇವು ವಾಪಸ್ ಕೇಳವ್ನಾ?" ಇಲ್ಲ ಎಂದೆ. "ಅಂಗಾರೆ ಕೊಟ್ಟಂಗೇ ಅದೆ" ಎಂದ.

ಹಾಗಾದರೆ ಹೋಗಿಯೇ ಬಿಡೋಣ, ಅವರ ಗೇಟಿನ ಮುಂದೆ ಬಾರಿಸೋಣ ಎಂದೆ ನಾನು. ಕರಿಬಟ್ಟೆ ಸುತ್ತಿದ ಡ್ರಮ್ಮು ಆಗ ಯಾರಿಗೆ ಕೇಳುತ್ತದೋ ನೋಡಬೇಕು ಎಂಬ ಸಿಟ್ಟು ನನಗೆ. ಅಪ್ಪ ಕಣ್ಣೆತ್ತದೆ, "ಕರ್ದೋನೇ ಬಾಗ್ಲು ಹಾಕ್ಕಂಡವ್ನೆ. ಆ ಬಾಗ್ಲಾಗೆ ನಿಂತು ಬಾರ್ಸುದ್ರೆ ಅದು ಭಿಕ್ಷೆ ಕಣ್ಲಾ" ಎಂದ.

ಸಂಕ್ರಾಂತಿಗೆ ನೀನು ಊರಿಗೆ ಬಂದಿದ್ದೀಯೆಂದು ಬಸ್ಸಿನವರು ಹೇಳಿದರು. ಸಖರಾಯಪಟ್ಟಣಕ್ಕೆ ಬಂದೆ. ನಿಮ್ಮ ತಂದೆ ಕಲ್ಲೇಶಪ್ಪನವರು ಅಂಗಡಿಯಲ್ಲಿ ಕೊಬ್ಬರಿ ತೂಗಿಸುತ್ತಿದ್ದರು, ಮನೆಗೆ ಹೋಗು ಎಂದು ಕೈ ತೋರಿಸಿದರು. ನಿಮ್ಮ ತಾಯಿ ದಾಕ್ಷಾಯಣಮ್ಮನವರು ಬಾಗಿಲಿಗೆ ಬಂದು, "ಅಯ್ಯೋ, ಅವನು ನೆನ್ನೇನೇ ಹೊರಟ್ಬಿಟ್ಟ ಕಣಪ್ಪಾ. ಪರೀಕ್ಷೆ ಅಂತೆ" ಎಂದರು. ಜಗಲಿಯ ಮೇಲೆ ಕೂರಿಸಿ ಎಳ್ಳು ಬೆಲ್ಲ, ಮಜ್ಜಿಗೆ ಕೊಟ್ಟರು. ಅವರು ಒಳ್ಳೆಯವರು, ಸುಳ್ಳು ಹೇಳುವಾಗ ಸೆರಗಿನ ತುದಿ ಹಿಂಡುತ್ತಿದ್ದರು. ಆಗ ಒಳಮನೆಯಲ್ಲಿ ನೀನು ಸೀನಿದೆ. ನಿನ್ನ ಸೀನು ನನಗೆ ಗೊತ್ತಿಲ್ಲವೇ ಓಂಕಾರ? ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ನಿಮ್ಮ ತಾಯಿಯ ಮುಖ ಸಣ್ಣದಾಯಿತು. ನಾನು ಕೂಗಲಿಲ್ಲ. ಕೂಗಿದ್ದರೆ ಸುಳ್ಳು ಅವರ ತಲೆಗೆ ಬರುತ್ತಿತ್ತು. ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಬಂದುಬಿಟ್ಟೆ.

ದಾರಿಯುದ್ದಕ್ಕೂ ಯೋಚಿಸಿದೆ. ನೀನು ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ಸಮಿತಿಯವರ ಮುಂದೆ ಒಂದು ಸಲ 'ಇಲ್ಲ' ಎನ್ನಲು ನಿನಗೆ ಬಾಯಿ ಬರಲಿಲ್ಲ, ಅಷ್ಟೆ. ಆಮೇಲೆ ನಿರ್ದೇಶನ ಎಂದು ಹೆಸರು ಅಚ್ಚಾದಾಗ, ಅದು ಚೆನ್ನಾಗಿಯೂ ಕಂಡಿತು.

ನನಗೆ ನಿಮ್ಮ ಕಲಾ ಸಪ್ತಾಹ ಬೇಡ. ನೀನು ಕುಣಿದುಕೋ, ಹೆಜ್ಜೆ ಕಲಿಸಿದ್ದು ನಾನೇ, ಕಿತ್ತುಕೊಳ್ಳಲು ಆಗುವುದಿಲ್ಲ. ಕಂಬಳಿ ಮಾತ್ರ ಕಳಿಸುವುದಿಲ್ಲ. ನಾನು ಕೇಳುವುದು ಒಂದು ಕೆಲಸ. ಯಗಟಿಗೆ ಬಂದು ಗುಡಿಯ ಮುಂದೆ ನಿಂತು ವೀಳ್ಯವನ್ನು ವಾಪಸ್ ತೆಗೆದುಕೋ. ಕೊಟ್ಟವನೇ ತೆಗೆದುಕೊಂಡರೆ ಡೊಳ್ಳು ಬಿಡುಗಡೆಯಾಗುತ್ತವೆ, ಯಾರಿಗೂ ಕಳಂಕವಿಲ್ಲ. ಯಾರೂ ನಿನ್ನನ್ನು ಬಯ್ಯದ ಹಾಗೆ ನೋಡಿಕೊಳ್ಳುತ್ತೇನೆ. ಸಣ್ಣಬೀರಪ್ಪ ಏನಾದರೂ ಅಂದಾನು. ಅವನು ತನ್ನ ಹೆಂಡತಿಯನ್ನೂ ಬಿಡುವುದಿಲ್ಲ.

ನೀನು ಬಾರದಿದ್ದರೆ ಇರುವುದು ಇನ್ನೊಂದೇ ದಾರಿ. ವೀಳ್ಯ ಹಿಡಿದ ಹಿರಿಯನಾಗಲಿ, ಮಾತಿಗೆ ನಿಂತವನಾಗಲಿ, ಅದೇ ಎಲೆ ಅಡಿಕೆಯನ್ನು ಜಗಿದು ನುಂಗಬೇಕು. ಸುಳ್ಳಾದ ಮಾತು ಅವನ ಹೊಟ್ಟೆಗೆ ಹೋಯಿತು ಎಂದು ಲೆಕ್ಕ. ಡೊಳ್ಳು ಬಿಡುಗಡೆಯಾಗುತ್ತವೆ. ನುಂಗಿದವನು ಮತ್ತೆ ಡೊಳ್ಳು ಮುಟ್ಟುವಂತಿಲ್ಲ. ಅಜ್ಜಯ್ಯ ಎಂದು ನಾವೆಲ್ಲ ಕರೆಯುವ ಮುದುಕ ತನ್ನ ಕಾಲದಲ್ಲಿ ಒಬ್ಬ ಹಾಗೆ ನುಂಗಿದ್ದನ್ನು ನೋಡಿದ್ದಾನಂತೆ. ಆ ಮನುಷ್ಯ ಆಮೇಲೆ ಏನು ಮಾಡಿದ ಎಂದು ಕೇಳಿದೆ. "ಏನ್ ಮಾಡ್ತಾನೆ, ಬದುಕ್ದ" ಎಂದ.

ಹಾಗೆ ಬದುಕಲು ನನಗೆ ಇಷ್ಟವಿಲ್ಲ. ಇದನ್ನು ಬೇರೆ ಯಾವ ರೀತಿಯಲ್ಲಿ ಹೇಳಬೇಕೋ ಗೊತ್ತಿಲ್ಲ. ಶುಕ್ರವಾರದೊಳಗೆ ಬಾ. ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗಬಹುದು.

ಇನ್ನೂ ನಿನ್ನ ಗೆಳೆಯನೇ ಆಗಿರುವ,
ಲಕ್ಕಣ್ಣ

ಮರೆತು ಉಳಿದದ್ದಲ್ಲ, ಆಮೇಲೆ ನಡೆದದ್ದು:

ಮಂಗಳವಾರ. ಕಾಗದವನ್ನು ಇನ್ನೂ ಅಂಚೆ ಡಬ್ಬಕ್ಕೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ಗುಡಿಗೆ ಹೋದೆ. ಡೊಳ್ಳುಗಳ ನಡುವೆ ನೆಲದ ಮೇಲೆ ಕೂತಿದ್ದ, ವೀಳ್ಯದ ತಟ್ಟೆ ತೊಡೆಯ ಮೇಲಿತ್ತು. ಒಣಗಿದ ಎಲೆಗಳನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದ. ಹಲ್ಲಿಲ್ಲವಲ್ಲ, ಅದಕ್ಕೆ. ನನ್ನನ್ನು ನೋಡಿ, "ನಂದು ಬಾರ್ಸಿ ಆಯ್ತು ಕಣೋ ಮಗಾ, ನಿಂದು ಈಗ ಸುರು. ಆಚಿಕ್ ಹೋಗು" ಎಂದ. ತಟ್ಟೆ ಕಿತ್ತುಕೊಂಡೆ. ಎಲೆಯನ್ನೂ ಅಡಿಕೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಜಗಿದು ನುಂಗಿದೆ. ಅಪ್ಪ ನನ್ನ ಕೆನ್ನೆಗೆ ಹೊಡೆದ. ಆಮೇಲೆ ಅದೇ ಕೈಯಿಂದ ನನ್ನ ಬಾಯಿ ಒರೆಸಿದ.

ಮಧ್ಯಾಹ್ನವೇ ಕೆಂಚಪ್ಪ ಮಗಳ ಮದುವೆಗೆ ವೀಳ್ಯ ಕೊಟ್ಟ. ಈಗ ಬೆಂಕಿಗೆ ಚರ್ಮ ಕಾಯಿಸಿ ನಾದ ನೋಡುತ್ತಿದ್ದಾರೆ, ಇಲ್ಲಿಗೂ ಕೇಳುತ್ತಿದೆ. ನನ್ನ ಜಾಗದಲ್ಲಿ ಸಣ್ಣಬೀರಪ್ಪನ ತಮ್ಮ ನಿಂತಿದ್ದಾನೆ. ಅವನಿಗೆ ಮೂರನೆಯ ಪೆಟ್ಟು ಯಾವಾಗಲೂ ತಡ.

ಮೇಲೆ 'ಬಾ' ಎಂದು ಬರೆದದ್ದನ್ನು ಹೊಡೆದುಹಾಕಿಲ್ಲ, ಬರೆದಾಗ ಅದು ನಿಜವಾಗಿತ್ತು. ಅದರ ಕೆಳಗಿನ ಸಹಿಯನ್ನೂ ಹಾಗೆಯೇ ಬಿಟ್ಟಿದ್ದೇನೆ. ಈಗ ಬರಬೇಡ. ವಾಪಸ್ ತೆಗೆದುಕೊಳ್ಳಲು ಇಲ್ಲಿ ನಿನ್ನದು ಏನೂ ಇಲ್ಲ.

ಊರು ಬಿಡು ಎಂದು ನನಗೆ ಯಾರೂ ಹೇಳಿಲ್ಲ. ಆದರೆ ಅವರು ಬಾರಿಸುವಾಗ ಗೋಡೆಯ ಮೇಲೆ ಕೂತು ಕೇಳುವುದು ನನ್ನಿಂದ ಆಗುವುದಿಲ್ಲ. ತರೀಕೆರೆಯ ಗರಗಸದ ಮಿಲ್ಲಿನಲ್ಲಿ ಈರಭದ್ರಪ್ಪ ಎಂಬುವರು ಆಳು ಬೇಕು ಎಂದಿದ್ದಾರೆ. ಅಲ್ಲಿ ಎಷ್ಟು ದಿನ ನಿಲ್ಲುತ್ತೇನೋ ಗೊತ್ತಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ.