ಅಂಗಳದ ಕಾರಿನ ಗುಪ್ತ ಸ್ವಿಚ್

ಮಾರ್ಚ್ ೧೨. ರಾತ್ರಿ ಎರಡೂ ಹತ್ತು.

ಟಾರ್ಪಾಲು ಪಟಪಟ ಬಡಿದುಕೊಂಡ ಸದ್ದಿಗೆ ಎಚ್ಚರವಾಯಿತು. ನಗರಸಭೆಯ ಲಾರಿಯೇ ಬಂತೆಂದು ಕಿಟಕಿಗೆ ಓಡಿದೆ. ಬರೀ ಗಾಳಿ. ನೀವು ಹಡಗಿನ ಕೆಲಸಕ್ಕೆ ಹೋದಂದಿನಿಂದ ಕದಲದ ಕಾರು ಅಂಗಳದಲ್ಲೇ ಇದೆ.

ಓಡದ ವಾಹನವನ್ನು ಮನೆಯಂಗಳದಲ್ಲಿ ಇಡುವಂತಿಲ್ಲವಂತೆ. ನೋಟಿಸಿನ ಏಳು ದಿನ ಮುಗಿಯಿತು. ಬೆಳಗ್ಗೆ ಎಂಟಕ್ಕೆ ಬರುತ್ತಾರೆ. "ಸ್ಟಾರ್ಟ್ ಆದ್ರೆ ಗಾಡಿ, ಇಲ್ದಿದ್ರೆ ಗುಜರಿ. ಅಷ್ಟೇ ಕಣಮ್ಮ," ಎಂದರು ನಗರಸಭೆಯ ಇನ್ಸ್‌ಪೆಕ್ಟರು, ಪಾಪ, ಮೆತ್ತಗೇ. ಅತ್ತೆ ಬಿಡುತ್ತಾರೆಯೇ? "ಕೆಲಸ ಮಾಡದೆ ಅಂಗಳದಲ್ಲಿ ಕೂತವರನ್ನೆಲ್ಲ ಒಯ್ಯೋದಾದ್ರೆ, ಮೊದ್ಲು ನಮ್ಮ ಯಜಮಾನ್ರನ್ನ ಹತ್ತಿಸ್ಕೊಳ್ಳಿ!" ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

ನಿನ್ನೆ ಹೊಸ ಬ್ಯಾಟರಿ ಹಾಕಿಸಿದೆ. ದೀಪ ಉರಿಯುತ್ತದೆ, ಎಂಜಿನ್ ಮಾತ್ರ ಉಸಿರೆತ್ತದು. ಮೆಕ್ಯಾನಿಕ್ ಸಂಜೆಯವರೆಗೆ ತಡಕಾಡಿ, "ಕಳ್ಳರು ಒಯ್ಬಾರ್ದು ಅಂತ ಅಣ್ಣ ಎಲ್ಲೋ ಗುಪ್ತ ಸ್ವಿಚ್ ಇಟ್ಟಿದ್ದಾರೆ ಅಕ್ಕ. ಅದನ್ನ ಒತ್ತದೆ ಎಂಜಿನ್ ಸ್ಟಾರ್ಟ್ ಆಗಲ್ಲ. ಅವರನ್ನೇ ಕೇಳ್ಬೇಕು," ಎಂದು ಕೈ ಒರೆಸಿಕೊಂಡ.

ಹಗಲಲ್ಲಿ ನಮ್ಮ ಪುಟ್ಟಿ ಆ ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲು ತೆರೆದಿಟ್ಟು ನಾನು ಪಕ್ಕದಲ್ಲಿ ಕೂತರೆ ಮಾತ್ರ ನಿದ್ದೆ ಮಾಡುತ್ತಾಳೆ. ಅವಳು ಮಲಗಿದರೆ ತಾನೇ ನಾನೂ ಒಂದು ಗಳಿಗೆ ಕಣ್ಣು ಮುಚ್ಚುವುದು? ನಗರಸಭೆಯವರಿಗೆ ಇದನ್ನು ಹೇಗೆ ಹೇಳಲಿ, ನಾಚಿಕೆ.

ಗಾಳಿ ನಿಂತಿದೆ. ಈಗ ಅಷ್ಟು ಹೆದರಿಕೆಯೂ ಇಲ್ಲ. ನಿಮ್ಮ ಹಡಗು ಈ ರಾತ್ರಿ ಬಂದರು ಸೇರಬೇಕು, ಮೆಸೇಜು ಹಾಕಿದ್ದೇನೆ. ರೀ, ಕಳ್ಳರಿಗೆ ತಿಳಿಯದಿರಲಿ, ಸರಿ. ಹೆಂಡತಿಗೂ ತಿಳಿಯಬಾರದೇ? ದಡ ಮುಟ್ಟಿದ ಕೂಡಲೇ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ, ಬೆಳಗಾಗುವುದರೊಳಗೆ. ಸ್ವಿಚ್ ಎಲ್ಲಿದೆ ಅಂತ ಅಷ್ಟು ಹೇಳಿಬಿಡಿ, ನಾನು ಬೈಯುವುದಿಲ್ಲ, ನಿಜವಾಗಿಯೂ... ಅಗೋ, ಫೋನು!